ಸುಂಕದ ಕಟ್ಟೆಯಿಂದ ಎದ್ದ ಮೇಲೆ

"ಮತ್ತಾಯ ಎದ್ದು ಹೋದ್ಮೇಲೆ ಆ ಲೆಕ್ಕದ ಪುಸ್ತಕ ಯಾರು ನೋಡ್ಕೊಂಡ್ರು ಅಂಕಲ್?"

ಸಂಡೇ ಸ್ಕೂಲಿನ ಹುಡುಗನೊಬ್ಬ ಕೇಳಿದ. ಸುಂಕದ ಕಟ್ಟೆಯಲ್ಲಿ ಕೂತಿದ್ದ ಮತ್ತಾಯನನ್ನು ಯೇಸುಸ್ವಾಮಿ ಕರೆದ ಕಥೆ ಹೇಳುತ್ತಿದ್ದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಟ್ಯಾಕ್ಸ್ ಆಡಿಟ್‌ಗೆ ಸೆಪ್ಟೆಂಬರ್ 30 ಕೊನೇ ದಿನ. ಅದಕ್ಕೆ ನಾಲ್ಕೇ ದಿನ ಉಳಿದಿತ್ತು. ಹಿಂದಿನ ರಾತ್ರಿ ಮಂಗಳೂರಿನ ಆಡಿಟರ್ ಆಫೀಸಿನಿಂದ ಮನೆಗೆ ಬಂದಾಗ ಹನ್ನೊಂದೂವರೆ ಆಗಿತ್ತು.

12 ವರ್ಷ ಲೆಕ್ಕ ಬರೆದಿದ್ದೆ. ಆ ಕೆಲಸದ ಮೇಲೆ ಬೇಸರ ಇರಲಿಲ್ಲ. ತಪ್ಪಿದ ಒಂದು ರೂಪಾಯಿ ಹುಡುಕಿ ಟ್ರಯಲ್ ಬ್ಯಾಲೆನ್ಸ್, ಅಂದರೆ ಎರಡೂ ಕಡೆಯ ಮೊತ್ತ ತಾಳೆ ನೋಡುವ ಪಟ್ಟಿ, ಸರಿಹೊಂದಿದಾಗ ಆಗುವ ಸಂತೋಷ ದೊಡ್ಡದು. ಆದರೆ ಭಾನುವಾರ ಮಕ್ಕಳ ಜೊತೆಗಿನ ಆ ಒಂದು ಗಂಟೆಗೆ ವಾರವಿಡೀ ಕಾಯುತ್ತಿದ್ದೆ. ಪಾಠ ಹೇಳುವ ಈ ಆಸೆ ಕರ್ತನ ಕರೆಯೇ ಎಂದು ನಾನೂ ಹೆಂಡತಿಯೂ ಒಂದು ವರ್ಷ ಪ್ರಾರ್ಥಿಸಿದೆವು. ಆಕಾಶದಿಂದ ದನಿಯೇನೂ ಕೇಳಲಿಲ್ಲ. ಆಸೆ ಮಾತ್ರ ಕಡಿಮೆಯಾಗಲಿಲ್ಲ.

ಲೂಕನ ಸುವಾರ್ತೆಯಲ್ಲಿ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಅಲ್ವಾ? ನಾವೂ ಹಾಕಿದೆವು. ಎಂ.ಕಾಂ. ಆಗಿತ್ತು. ಬಿ.ಎಡ್.ಗೆ ಎರಡು ವರ್ಷ, ಸಂಬಳವಿಲ್ಲ. ಆಮೇಲೆ ಖಾಸಗಿ ಪಿಯು ಕಾಲೇಜಿನಲ್ಲಿ ಸಿಗುವುದು ಈಗಿನ ಅರ್ಧಕ್ಕಿಂತ ಕಡಿಮೆ. ಮನೆ ಸಾಲದ ಕಂತು ಇದ್ದೇ ಇತ್ತು. ಹೆಂಡತಿ ನರ್ಸ್. ಹಾಳೆಯನ್ನು ಎರಡು ಸಲ ಓದಿ, "ನನ್ನ ಸಂಬಳದಲ್ಲಿ ದಾಟ್ಬಹುದು. ನೀವು ಫೈಲುಗಳನ್ನೆಲ್ಲ ಸರಿಯಾಗಿ ಒಪ್ಪಿಸಿ ಬನ್ನಿ" ಎಂದಳು. ಒಪ್ಪಿಸುವುದಕ್ಕೇ ಮೂರು ತಿಂಗಳು ಹಿಡಿಯಿತು. ಆ ಹುಡುಗನಿಗೆ ನನ್ನಿಂದ ಕೊಡಲಾದ ಉತ್ತರ ಅಷ್ಟೇ.

ಬಿ.ಎಡ್. ಮುಗಿಸಿ ಪಾಠ ಹೇಳಲು ಸೇರಿದ ಕಾಲೇಜಿನ ಮೊದಲ ದಿನ, ಪ್ರಥಮ ಪಿಯುಸಿ ಕಾಮರ್ಸ್. ಅರ್ಧ ಕ್ಲಾಸು ಕನ್ನಡ ಮೀಡಿಯಂನಿಂದ ಬಂದವರು, ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿ. ಲೂಕಾ ಪಾಚೋಲಿಯಿಂದ ಶುರು ಮಾಡಿದೆ. ಅವನು ಫ್ರಾನ್ಸಿಸ್ಕನ್ ಸನ್ಯಾಸಿ, ಗಣಿತ ಕಲಿಸುತ್ತಿದ್ದವನು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಡಬಲ್ ಎಂಟ್ರಿ ಪದ್ಧತಿಯನ್ನು ವಿವರಿಸಿದ. ಮೊದಲ ಲೆಕ್ಕದ ಪುಸ್ತಕದ ಮೇಲೆ ವ್ಯಾಪಾರಿ ಶಿಲುಬೆಯ ಗುರುತು ಹಾಕಬೇಕು ಎಂದೂ ಬರೆದ. ಅದನ್ನು ಓದಿದಂದಿನಿಂದ ನನ್ನ ನಂಬಿಕೆಯೂ ನನ್ನ ಲೆಜರೂ ಬೇರೆ ಬೇರೆ ಅನ್ನಿಸಿಲ್ಲ.

"ನಮ್ಮ ಅಂಗಡೀಲಿ ಶ್ರೀ ಬರೀತಾರೆ ಸರ್" ಎಂದ ಒಬ್ಬ.

ಡೆಬಿಟ್, ಕ್ರೆಡಿಟ್ ಬಂದಾಗ ಮಾತ್ರ ಮುಖಗಳು ಬಾಡಿದವು. ಆಫೀಸಿನ ವೇಗದಲ್ಲಿ ಹೇಳಿಬಿಟ್ಟಿದ್ದೆ. ಬೋರ್ಡು ಒರೆಸಿದೆ. "ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್" ಎಂದು ಕನ್ನಡದಲ್ಲಿ ಬರೆದು ಸುಮ್ಮನೆ ನಿಂತೆ.

ಹಿಂದಿನ ಬೆಂಚಿನ ಹುಡುಗಿ ನಿಧಾನವಾಗಿ ಎದ್ದಳು.

"ಅಮ್ಮ ಬೀಡಿ ಕಟ್ತಾರೆ ಸರ್. ಬೀಡಿ ಕಂಪನಿ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದಾಗ ಅವರ ಪುಸ್ತಕದಲ್ಲಿ ಅಮ್ಮನಿಗೆ ಡೆಬಿಟ್. ಬೀಡಿ ಕೊಟ್ಟಾಗ ಕ್ರೆಡಿಟ್. ಹೌದಾ?"

"ಹೌದು. ಪಕ್ಕಾ ಹಾಗೇ."

ಅವಳು ಕೂರಲಿಲ್ಲ. "ಮತ್ತೆ, ಎಲೆ ಹಾಳಾಗಿದ್ದು ಬೀಡಿ ಕಡಿಮೆ ಆದ್ರೆ, ಅಮ್ಮ ದುಡ್ಡು ಕೊಟ್ಟು ಬೇರೆ ಎಲೆ ತರ್ತಾರೆ. ಅದನ್ನ ಎಲ್ಲಿ ಬರೆಯೋದು ಸರ್?"

12 ವರ್ಷದಲ್ಲಿ ಯಾರೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಅವರ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಹಾಗಂತ ಅಮ್ಮನ ಖರ್ಚು ಸುಳ್ಳಾಗುತ್ತದೆಯೇ?

"ಬಾಮ್ಮ, ಅಮ್ಮನದ್ದೇ ಒಂದು ಪುಸ್ತಕ ಶುರು ಮಾಡೋಣ" ಎಂದು ಕರೆದು ಚಾಕ್‌ಪೀಸ್ ಅವಳ ಕೈಗೆ ಕೊಟ್ಟೆ. ಅವಳು ಬೋರ್ಡಿನ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಳು.