‘ಎಲ್ಲ ಸಹವಾಸ ದೋಷ ಅಲ್ದಾ ಅಕ್ಕೋರೆ?’ ಎಂದು ಕೇಳುವ ಪಾಲಕರಿಗೆ

ಶಿರಸಿ, ಕುಮಟಾ, ಕಾರವಾರದ ಕಡೆಯ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳಲ್ಲಿ ಪಾಲಕರ ಸಭೆ ಮುಗಿಸಿ ಹೊರಡುವ ಹೊತ್ತಿಗೆ ಒಬ್ಬರಾದರೂ ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಾರೆ: “ನಮ್ಮನೆ ಮಾಣಿ ಇಂಥವ ಅಲ್ಲ ಅಕ್ಕೋರೆ. ಎಲ್ಲ ಸಹವಾಸ ದೋಷ ಅಲ್ದಾ?” ಮಗನ ಬ್ಯಾಗಿನಲ್ಲಿ ಗುಟ್ಕಾ ಪ್ಯಾಕೆಟ್ ಸಿಕ್ಕಿರುತ್ತದೆ, ಅಥವಾ ಹಾಸ್ಟೆಲಿನಿಂದ ಗಾಂಜಾದ ವಿಷಯವಾಗಿ ಫೋನು ಬಂದಿರುತ್ತದೆ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ನನ್ನ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಸಹವಾಸದ ಮಾತು ಅರ್ಧ ನಿಜ. ಮೊದಲ ಸಿಗರೇಟು, ಮೊದಲ ಗುಟುಕು ಬಹುಮಟ್ಟಿಗೆ ಸ್ನೇಹಿತನ ಕೈಯಿಂದಲೇ ಬರುತ್ತದೆ. ಆದರೆ ಒಂದೇ ಗುಂಪಿನಲ್ಲಿ ನಿಂತವರಲ್ಲಿ ಒಬ್ಬ ಬೇಡ ಎನ್ನುತ್ತಾನೆ, ಇನ್ನೊಬ್ಬ ಒಮ್ಮೆ ನೋಡಿ ಬಿಡುತ್ತಾನೆ, ಮತ್ತೊಬ್ಬನಿಗೆ ಬಿಡಲಾಗುವುದಿಲ್ಲ. ಈ ವ್ಯತ್ಯಾಸವನ್ನು ಸಹವಾಸವೊಂದೇ ವಿವರಿಸಲಾರದು. ಅಮೆರಿಕದ ಸಮಾಜವಿಜ್ಞಾನಿ ಡೆನಿಸ್ ಕ್ಯಾಂಡೆಲ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದವರು ಸ್ನೇಹಿತರನ್ನು ನೋಡಿ ಬದಲಾಗುವುದರ ಜೊತೆಗೆ ತಮ್ಮಂತೆಯೇ ಇರುವವರನ್ನು ಸ್ನೇಹಿತರನ್ನಾಗಿ ಆರಿಸಿಕೊಳ್ಳುತ್ತಾರೆ ಎಂಬುದನ್ನೂ ತೋರಿಸಿದರು. ಆದ್ದರಿಂದ ‘ಅವನ ಜೊತೆ ಸೇರಬೇಡ’ ಎಂದು ಗದರಿಸುವ ಮೊದಲು, ನನ್ನ ಮಗನಿಗೆ ಆ ಗುಂಪಿನಲ್ಲಿ ಏನು ಸಿಗುತ್ತಿದೆ ಎಂದು ಯೋಚಿಸಬೇಕಾಗುತ್ತದೆ.

ವಯಸ್ಸಿನ ಪಾಲೂ ಇದರಲ್ಲಿ ದೊಡ್ಡದು. ಹೊಸತನಕ್ಕೂ ಖುಷಿಗೂ ಹಾತೊರೆಯುವ ಮೆದುಳಿನ ಭಾಗಗಳು ಹದಿಹರೆಯದಲ್ಲಿ ಚುರುಕಾಗಿರುತ್ತವೆ. ಮುಂದಿನ ಪರಿಣಾಮವನ್ನು ಲೆಕ್ಕಹಾಕಿ ತಡೆಹಿಡಿಯುವ ಮುಂಭಾಗ ಪೂರ್ತಿಯಾಗಿ ಬಲಿಯಲು ಇಪ್ಪತ್ತರ ನಡುಭಾಗದವರೆಗೂ ಕಾಲ ಬೇಕು. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಇದಕ್ಕೆ ಸಂಬಂಧಿಸಿದ್ದು. ಅವರು 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದನ್ನು ಕೊಟ್ಟರು. ಹಳದಿ ದೀಪ ಹತ್ತಿದ ಮೇಲೂ ಮುಂದೆ ಹೋದಷ್ಟೂ ಅಂಕ ಹೆಚ್ಚು, ಡಿಕ್ಕಿಯಾದರೆ ನಷ್ಟ. ಕೆಲವರು ಒಬ್ಬರೇ ಕುಳಿತು ಆಡಿದರು, ಉಳಿದವರು ಓರಗೆಯವರ ಎದುರು ಆಡಿದರು. ಹದಿಮೂರರಿಂದ ಹದಿನಾರರ ಮಕ್ಕಳು ಓರಗೆಯವರು ನೋಡುತ್ತಿದ್ದಾಗ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಇಪ್ಪತ್ತನಾಲ್ಕು ದಾಟಿದವರಲ್ಲಿ ಆ ಬದಲಾವಣೆ ಅಷ್ಟಾಗಿ ಕಾಣಲಿಲ್ಲ. ಮನೆಯಲ್ಲಿ ಎದುರು ಕೂರಿಸಿ ಕೇಳಿದರೆ ತಂಬಾಕಿನ ಕೆಡುಕನ್ನೆಲ್ಲ ಸರಿಯಾಗಿ ಹೇಳುವ ಹುಡುಗ ಸಂಜೆ ಕಡಲ ದಂಡೆಯಲ್ಲಿ ಬೇರೆಯೇ ನಿರ್ಧಾರ ಮಾಡುವುದು ಇದರಿಂದ. ಅವನಿಗೆ ತಿಳಿವಳಿಕೆ ಇಲ್ಲದೆ ಅಲ್ಲ, ಆ ಕ್ಷಣದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಮಾಹಿತಿ ಕೊಡುವುದಕ್ಕಿಂತ, ಆ ಕ್ಷಣದಲ್ಲಿ ಆಡಬೇಕಾದ ಮಾತನ್ನು ಮೊದಲೇ ಬಾಯಿಗೆ ರೂಢಿ ಮಾಡಿಸುವುದು ಹೆಚ್ಚು ಉಪಯುಕ್ತ. “ಬ್ಯಾಡ ಮಾರಾಯ, ನಾಳೆ ವಾಲಿಬಾಲ್ ಮ್ಯಾಚ್ ಇದ್ದು” ಎಂಬಷ್ಟು ಸರಳ ವಾಕ್ಯವನ್ನೂ ತರಗತಿಯಲ್ಲಿ ಪಾತ್ರ ವಹಿಸಿ ಆಡಿಸಬೇಕು.

ಇನ್ನು ಮಕ್ಕಳು ಮನೆಯಲ್ಲಿ ಕಾಣುವುದರ ಬಗ್ಗೆ. ಬಂದವರಿಗೆ ಕವಳದ, ಅಂದರೆ ಎಲೆ–ಅಡಿಕೆಯ, ಬಟ್ಟಲು ಮುಂದಿಡುವುದು ನಮ್ಮ ಮರ್ಯಾದೆ. ಆ ಕವಳಕ್ಕೆ ತಂಬಾಕಿನ ಎಸಳು ಸೇರುವುದನ್ನು ಮಕ್ಕಳು ನಡೆಯಲು ಕಲಿಯುವ ಮೊದಲಿನಿಂದ ನೋಡುತ್ತಾರೆ. ಅಡಿಕೆ ಬೆಳೆದೇ ಬದುಕುವ ಸೀಮೆಯಲ್ಲಿ ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದಿದೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧವಾಗಿದ್ದರೂ, ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಎಂದು ಮಾರುವ ದಾರಿಯನ್ನು ವ್ಯಾಪಾರಿಗಳು ಕಂಡುಕೊಂಡಿದ್ದಾರೆ. ಕಾರವಾರದ ಕಡೆ ಮಾಜಾಳಿ ದಾಟಿದರೆ ಗೋವಾ; ಅಲ್ಲಿನ ಅಗ್ಗದ ಮದ್ಯ ಮದುವೆ ಮನೆಯ ಹಿಂದಿನ ಕೋಣೆಗೆ ಬರುವುದು ಮಕ್ಕಳಿಂದ ಮುಚ್ಚಿಡುವ ವಿಷಯವಾಗಿ ಉಳಿದಿಲ್ಲ. ದೊಡ್ಡವರಾಗುವುದು ಎಂದರೆ ಇದು ಎಂಬ ತಿಳಿವಳಿಕೆ ಮಗುವಿಗೆ ಯಾರೂ ಪಾಠ ಮಾಡದೆಯೇ ಬರುತ್ತದೆ. ಮಗನಿಗೆ ಬುದ್ಧಿ ಹೇಳಿ ಎಂದು ಕೇಳುವ ತಂದೆಯ ದವಡೆಯಲ್ಲೇ ಜರ್ದಾ ಇರುವಾಗ ನನ್ನ ಮಾತಿನಿಂದ ಹೆಚ್ಚಿನದೇನನ್ನೂ ನಿರೀಕ್ಷಿಸಬಾರದು.

ಆದರೂ ರುಚಿ ನೋಡುವುದಕ್ಕೂ ಅದಕ್ಕೆ ಅಂಟಿಕೊಳ್ಳುವುದಕ್ಕೂ ನಡುವೆ ಮಗುವಿನ ಒಳಗಿನ ಕಾರಣವೊಂದು ಇರುತ್ತದೆ. ಕೆನಡಾದ ಪೆಟ್ರೀಶಿಯಾ ಕಾನ್‌ರಾಡ್ ಎಂಬ ಸಂಶೋಧಕಿ ನಾಲ್ಕು ಬಗೆಯ ಸ್ವಭಾವಗಳನ್ನು ಗುರುತಿಸಿ, ಅದಕ್ಕೆ ತಕ್ಕಂತೆ ಶಾಲೆಗಳಲ್ಲಿ ಸಣ್ಣ ಗುಂಪುಗಳ ತರಬೇತಿ ರೂಪಿಸಿದ್ದಾರೆ: ಬದುಕಿನಲ್ಲಿ ಭರವಸೆ ಕಳೆದುಕೊಂಡವರು, ಎದೆ ಬಡಿತ ಏರಿದರೂ ಹೆದರುವಷ್ಟು ಆತಂಕದವರು, ಯೋಚಿಸುವ ಮೊದಲೇ ಮಾಡಿಬಿಡುವವರು, ರೋಮಾಂಚನವನ್ನು ಹುಡುಕುವವರು. ನಮ್ಮಲ್ಲಿ ನಾಲ್ಕೂ ಬಗೆಯ ಮಕ್ಕಳಿದ್ದಾರೆ, ಹುಡುಗಿಯರೂ ಇದ್ದಾರೆ. ಆದರೆ ನಾವು ಗುರುತಿಸುವುದು ಬೈಕು ಹಾರಿಸುವ ನಾಲ್ಕನೆಯವನನ್ನು ಮಾತ್ರ. ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಮೊದಲಿಗನಾಗಿದ್ದು, ಪಿಯುಸಿ ವಿಜ್ಞಾನಕ್ಕೆಂದು ಪೇಟೆಯ ಹಾಸ್ಟೆಲಿಗೆ ಬಂದು, ಇಂಗ್ಲಿಷಿನ ಪಾಠ ತಲೆಗೆ ಹೋಗದೆ, ಮೊದಲ ಕಿರುಪರೀಕ್ಷೆಯಲ್ಲೇ ಫೇಲಾಗಿ, ಮನೆಗೆ ಹೇಳಲು ಬಾಯಿ ಬಾರದೆ ಕುಳಿತವನತ್ತ ಯಾರ ಕಣ್ಣೂ ಹೋಗುವುದಿಲ್ಲ. ಅವನಿಗೆ ಸಿಗರೇಟು ಸೇದುವ ಗುಂಪು ಅಂಕ ಕೇಳದೆ ಜಾಗ ಕೊಡುತ್ತದೆ. ನಿಕೋಟಿನ್ ಪ್ರಭಾವ ಇಳಿದಾಗ ಹುಟ್ಟುವ ಕಿರಿಕಿರಿಯನ್ನು ಮುಂದಿನ ಸಿಗರೇಟು ತಣಿಸುತ್ತದೆ. ಅವನು ಮಾತ್ರ ತನ್ನ ಓದಿನ ಒತ್ತಡವೇ ಇಳಿಯಿತು ಎಂದು ನಂಬುತ್ತಾನೆ. ಇಂಥ ಮಗುವಿಗೆ ವ್ಯಸನದ ಭಾಷಣಕ್ಕಿಂತ ಮೊದಲು ಭೌತಶಾಸ್ತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಿಕೊಡುವವರು ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

‘ಹಾಗಾದರೆ ನಾವು ಇನ್ನೂ ಹೆಚ್ಚು ಕಾವಲು ಕಾಯಬೇಕೆ?’ ಎಂಬುದು ಮುಂದಿನ ಪ್ರಶ್ನೆ. ಫೋನು ತೆಗೆದು ನೋಡುವುದು, ಬ್ಯಾಗು ಜಾಲಾಡುವುದು, ಬಸ್‌ಸ್ಟ್ಯಾಂಡಿನ ಅಂಗಡಿಯವರನ್ನು ವಿಚಾರಿಸುವುದು ನಡೆದೇ ಇರುತ್ತದೆ. ಮಕ್ಕಳು ಎಲ್ಲಿದ್ದಾರೆ, ಯಾರ ಜೊತೆಗಿದ್ದಾರೆ ಎಂಬುದು ಗೊತ್ತಿರುವ ಮನೆಗಳಲ್ಲಿ ಇಂಥ ತೊಂದರೆ ಕಡಿಮೆ ಎಂಬುದು ನಿಜ. ಆದರೆ ಆ ತಿಳಿವಳಿಕೆ ಪಾಲಕರಿಗೆ ಎಲ್ಲಿಂದ ಬರುತ್ತದೆ? ಸ್ವೀಡನ್ನಿನಲ್ಲಿ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಇದನ್ನೇ ಪರಿಶೀಲಿಸಿ, 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದು ಮುಖ್ಯವಾಗಿ ಮಕ್ಕಳು ತಾವಾಗಿಯೇ ಹೇಳುವುದರಿಂದ ಬರುತ್ತದೆ, ಕಾವಲಿನಿಂದಾಗಲಿ ವಿಚಾರಣೆಯಿಂದಾಗಲಿ ಬರುವುದು ಕಡಿಮೆ ಎಂದು ಕಂಡುಕೊಂಡರು. ಸಣ್ಣ ತಪ್ಪನ್ನು ಹೇಳಿದಾಗ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಿಯೇ ಮಗು ದೊಡ್ಡದನ್ನು ಹೇಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಹೇಳಿದ ಮಾತು ರಾತ್ರಿಯೊಳಗೆ ದೊಡ್ಡಪ್ಪನ ಮನೆಗೂ ಅತ್ತೆಯ ಮನೆಗೂ ಮುಟ್ಟಿದರೆ ಮುಂದಿನ ಮಾತು ಬರುವುದಿಲ್ಲ. ಇದರರ್ಥ ಎಲ್ಲವನ್ನೂ ಸಹಿಸಿ ಎಂದಲ್ಲ. ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬರಬೇಕು, ಈ ಮನೆಯಲ್ಲಿ ಏನು ನಡೆಯುವುದಿಲ್ಲ ಎಂಬ ನಿಯಮಗಳು ಸ್ಪಷ್ಟವಾಗಿರಬೇಕು, ಮೀರಿದಾಗ ಮೊದಲೇ ಹೇಳಿದ ಶಿಕ್ಷೆಯೂ ಇರಬೇಕು. ಹೊಡೆತ ಮತ್ತು ಊರೆದುರಿನ ಅವಮಾನ ಮಾತ್ರ ಬೇಡ.

ಜೂನ್ 26ರ ಮಾದಕವಸ್ತು ವಿರೋಧಿ ದಿನದಂದು ಕೊಳೆತ ಶ್ವಾಸಕೋಶದ ಚಿತ್ರ ಹಿಡಿದು ಮೆರವಣಿಗೆ ಹೊರಡಿಸುವ ಶಾಲೆಗಳಿಗೆ ಒಂದು ಮಾತು. ಅಮೆರಿಕದಲ್ಲಿ 1983ರಲ್ಲಿ ಶುರುವಾದ, ಪೊಲೀಸರು ತರಗತಿಗೆ ಬಂದು ಪಾಠ ಮಾಡುವ ‘ಡೇರ್’ ಕಾರ್ಯಕ್ರಮದ ಮೂಲರೂಪವನ್ನು ವರ್ಷಗಟ್ಟಲೆ ಪರಿಶೀಲಿಸಿದವರಿಗೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಬರೀ ಮಾಹಿತಿ ಕೊಡುವುದು, ಹೆದರಿಸುವುದು, ಚಟ ಬಿಟ್ಟವರಿಂದ ಅನುಭವ ಹೇಳಿಸುವುದು ತಡೆಗಟ್ಟುವಿಕೆಗೆ ಒದಗುವುದಿಲ್ಲ ಎಂದು ವಿಶ್ವಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ‘ಈಗಿನ ಹುಡುಗರೆಲ್ಲ ಹಾಳಾಗಿದ್ದಾರೆ’ ಎಂದು ವೇದಿಕೆಯಿಂದ ಹೇಳಿದಾಗಲಂತೂ ಕೇಳುವ ಹುಡುಗ, ಹಾಗಾದರೆ ಎಲ್ಲರೂ ಮಾಡುತ್ತಿದ್ದಾರೆ, ನಾನೊಬ್ಬನೇ ಉಳಿದಿದ್ದೇನೆ ಎಂದುಕೊಳ್ಳುತ್ತಾನೆ. ಹೆಚ್ಚಿನವರು ಮುಟ್ಟಿಯೇ ಇಲ್ಲ ಎಂಬ ನಿಜವನ್ನು ಮಕ್ಕಳಿಗೆ ತಿಳಿಸಬೇಕು. ಐಸ್‌ಲ್ಯಾಂಡಿನಲ್ಲಿ ಪಾಲಕರು ಒಟ್ಟಾಗಿ ಕರಾರು ಮಾಡಿಕೊಂಡು, ಸರ್ಕಾರ ಆಟ–ಸಂಗೀತಕ್ಕೆ ಹಣ ಕೊಟ್ಟು, ಮಕ್ಕಳ ಸಂಜೆಯನ್ನು ತುಂಬಿದರು. ಹಿಂದಿನ ತಿಂಗಳು ಕುಡಿದು ಅಮಲೇರಿತ್ತು ಎಂದ ಹದಿನೈದು–ಹದಿನಾರರ ಮಕ್ಕಳ ಪ್ರಮಾಣ 1998ರಲ್ಲಿ ಶೇ 42 ಇದ್ದದ್ದು 2016ಕ್ಕೆ ಶೇ 5ಕ್ಕೆ ಇಳಿಯಿತು. ನಮ್ಮಲ್ಲಿ ಯಕ್ಷಗಾನದ ತರಬೇತಿ, ವಾಲಿಬಾಲ್, ಕಬಡ್ಡಿ ಎಲ್ಲ ಇವೆ. ಆದರೆ ಹತ್ತನೆಯ ತರಗತಿ ಬಂದ ಕೂಡಲೇ ಟ್ಯೂಷನ್ನಿಗಾಗಿ ನಾವೇ ಅವನ್ನು ಬಿಡಿಸುತ್ತೇವೆ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. 2003ರ ತಂಬಾಕು ನಿಯಂತ್ರಣ ಕಾಯ್ದೆಗೆ ಕರ್ನಾಟಕ ತಂದ, 2025ರಲ್ಲಿ ಜಾರಿಯಾದ ತಿದ್ದುಪಡಿಯಂತೆ ಇಪ್ಪತ್ತೊಂದರ ಒಳಗಿನವರಿಗೂ, ಶಾಲಾ ಕಾಲೇಜಿನಿಂದ 100 ಮೀಟರ್ ಒಳಗೂ ತಂಬಾಕು ಮಾರುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ ಮಗುವಿಗೆ ಮದ್ಯ, ಮಾದಕವಸ್ತು, ತಂಬಾಕು ಕೊಟ್ಟವರಿಗೆ ಏಳು ವರ್ಷಗಳವರೆಗೆ ಜೈಲು ಆಗಬಹುದು. ಇವನ್ನು ಪಾಲಿಸಿ ಎಂದು ಊರಿನವರು ಒಟ್ಟಾಗಿ ಹೇಳಿದರೆ ಅಂಗಡಿಯವರೂ ಕೇಳುತ್ತಾರೆ.

ಮಗು ಈಗಾಗಲೇ ಸಿಕ್ಕಿಕೊಂಡಿದ್ದರೆ ಮುಚ್ಚಿಟ್ಟು ಕಾಲ ಕಳೆಯಬೇಡಿ. 14416 ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ, 14446 ವ್ಯಸನಮುಕ್ತಿಯದು, ಎರಡೂ ಉಚಿತ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ಕುಗಳು ಹದಿಹರೆಯದವರಿಗಾಗಿಯೇ ಇವೆ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಎಷ್ಟೋ ಮನೆಯವರು ವೈದ್ಯರ ಹತ್ತಿರ ಹೋಗುವುದಿಲ್ಲ. ಆದರೆ ಸ್ವಂತ ಬಳಕೆಗಾಗಿ ಸಿಕ್ಕ ವ್ಯಸನಿ ತಾನಾಗಿ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು 1985ರ ಮಾದಕವಸ್ತು ಕಾಯ್ದೆಯಲ್ಲಿಯೇ ಇದೆ. ಇನ್ನು ಕಾಲೇಜಿನವರು ವರ್ಗಾವಣೆ ಪತ್ರ ಕೊಟ್ಟು ಕಳಿಸುತ್ತೇವೆ ಎಂದರೆ ಸುಮ್ಮನೆ ಸಹಿ ಹಾಕಿ ಬರಬೇಡಿ. ತರಗತಿಗೆ ಬರಲು ಬಿಡಿ, ಆಟದ ತಂಡದಿಂದ ತೆಗೆಯಬೇಡಿ, ಅವನಿಗೆ ಬೇಕಾದ ಮಾಸ್ತರರೊಬ್ಬರು ವಾರಕ್ಕೊಮ್ಮೆ ಕುಳಿತು ಮಾತನಾಡಲಿ, ಚಿಕಿತ್ಸೆಯ ಕಾಗದಗಳನ್ನು ನಾವು ತಂದು ತೋರಿಸುತ್ತೇವೆ ಎಂದು ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೊಡಿ.