ತಣ್ಣಗಿರುವ ಕೈಗೆ ಮಯಲಿನ್ ಕಾಯಿಲೆ ಅಂಟಿಸಬೇಡಿ

ನರದ ವೇಗ ಕಡಿಮೆ ಬಂತೆಂದರೆ ಎನ್‌ಸಿಎಸ್ (ಶಾಕ್ ಕೊಟ್ಟು ನರದಲ್ಲಿ ಸಂಕೇತದ ವೇಗ ಅಳೆಯುವ ಪರೀಕ್ಷೆ) ರೂಮಿಗೆ ಹೊಸದಾಗಿ ಬಂದವರು ತಕ್ಷಣ 'ಡಿಮಯಲಿನೇಟಿಂಗ್', ಅಂದರೆ ನರದ ನಾರಿನ ಹೊದಿಕೆಯಾದ ಮಯಲಿನ್ ಕಳಚುವ ಕಾಯಿಲೆ, ಎಂದು ಟೈಪ್ ಮಾಡಿಬಿಡುತ್ತಾರೆ. ಮೊದಲು ರೋಗಿಯ ಕೈ ಮುಟ್ಟಿ ನೋಡಿ.

ತೋಳಿನಿಂದ ಅಂಗೈಗೆ ಹೋಗುವ ಮೀಡಿಯನ್ ನರವನ್ನೇ ತೆಗೆದುಕೊಳ್ಳಿ. ಹೆಬ್ಬೆರಳ ಬುಡದ ಉಬ್ಬಿದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್. ಮಣಿಕಟ್ಟಿನಲ್ಲೊಮ್ಮೆ, ಮೊಣಕೈ ಮಡಿಕೆಯಲ್ಲೊಮ್ಮೆ ಶಾಕ್. ಮಣಿಕಟ್ಟಿನ ಶಾಕ್‌ಗೆ 3.4 ಮಿಲಿಸೆಕೆಂಡಿನಲ್ಲಿ, ಮೊಣಕೈಯದಕ್ಕೆ 7.4ರಲ್ಲಿ ಪರದೆಯ ಮೇಲೆ ಸ್ನಾಯುವಿನ ಅಲೆ ಎದ್ದಿತು, ನಡುವಿನ ದೂರ 220 ಮಿ.ಮೀ. ಎನ್ನೋಣ. 220ನ್ನು 4ರಿಂದ ಭಾಗಿಸಿದರೆ ಸೆಕೆಂಡಿಗೆ 55 ಮೀಟರ್. ದೂರ ಅಳೆಯುವ ಟೇಪ್ 1 ಸೆಂ.ಮೀ. ಜಾರಿದರೆ ಉತ್ತರ 2.5 ಮೀಟರ್ ಜಾರುತ್ತದೆ.

ಮಯಲಿನ್ ಇಲ್ಲದ ಸಣ್ಣ ನಾರುಗಳಲ್ಲಿ ಸಂಕೇತ ಸೆಕೆಂಡಿಗೆ ಒಂದೆರಡು ಮೀಟರ್ ತೆವಳುತ್ತದೆ, ಅಷ್ಟೇ. 55 ಬರುವುದು ಶ್ವಾನ್ ಕೋಶಗಳು ನಾರಿಗೆ ಸುತ್ತಿದ ಕೊಬ್ಬಿನ ಪದರದ, ಅಂದರೆ ಮಯಲಿನ್‌ನ, ದೆಸೆಯಿಂದ. ದಾರಿಯಲ್ಲಿ ವಿದ್ಯುತ್ ಸೋರದಂತೆ ಅದು ತಡೆಯುತ್ತದೆ. ಹಾಗಾಗಿ ಸಂಕೇತ ಸುಮಾರು 1 ಮಿ.ಮೀ.ಗೊಂದರಂತಿರುವ ರಾನ್ವಿಯರ್ ಗಂಟುಗಳಲ್ಲಿ (ಮಯಲಿನ್ ನಡುವಿನ ಸಣ್ಣ ಬಿಡುವುಗಳಲ್ಲಿ) ಮಾತ್ರ ಹೊಸದಾಗಿ ಎದ್ದರೆ ಸಾಕು. ಮೊಣಕೈಯಿಂದ ಮಣಿಕಟ್ಟಿಗೆ ಇನ್ನೂರು ಚಿಲ್ಲರೆ ನೆಗೆತ.

ತಣ್ಣಗಿದ್ದಾಗ ಗಂಟಿನಲ್ಲಿ ಸೋಡಿಯಂ ಒಳಬಿಡುವ ಬಾಗಿಲುಗಳು ತಡವಾಗಿ ಮುಚ್ಚುತ್ತವೆ. ಪ್ರತಿ ಡಿಗ್ರಿಗೆ ಸುಮಾರು 2 ಮೀಟರ್ ವೇಗ ಇಳಿಯುತ್ತದೆ. ಏಸಿ ಕೆಳಗೆ ಕಾದು ಕುಳಿತವರ ಕೈ 32ರ ಬದಲು 28 ಡಿಗ್ರಿ ಇದ್ದರೆ 55 ಇರಬೇಕಾದದ್ದು 47 ತೋರಿಸಿ, ಸಾಮಾನ್ಯ ಮಿತಿಯಾದ 50ರ ಕೆಳಗೆ ಬೀಳುತ್ತದೆ. ಸುಳಿವು ಪರದೆಯಲ್ಲೇ ಇರುತ್ತದೆ: ಚಳಿಯಲ್ಲಿ ಅಲೆ ತಡವಾದರೂ ಎತ್ತರವಾಗಿ, ದಪ್ಪಗೆ ಬರುತ್ತದೆ. ಮಯಲಿನ್ ಕಳಚಿದ್ದರೆ ಒಂದೊಂದು ನಾರು ಒಂದೊಂದು ಹೊತ್ತಿಗೆ ತಲುಪಿ ಅಲೆ ಚದುರಿ ಚಪ್ಪಟೆಯಾಗುತ್ತದೆ. ವೇಗವೂ 35ರ ಕೆಳಗಿಳಿಯಬಹುದು. ಚರ್ಮ 32 ಡಿಗ್ರಿಗೆ ಬರುವವರೆಗೆ ಕೈಯನ್ನು ಬಿಸಿನೀರಲ್ಲಿಡಿಸಿ, ಒರೆಸಿ, ಮತ್ತೆ ಮಾಡಿ. ಹತ್ತು ನಿಮಿಷ ಹೋದರೂ ಚಿಂತೆಯಿಲ್ಲ.

ಮೊಣಕೈ ಶಾಕ್‌ನ ಅಲೆ ಮಣಿಕಟ್ಟಿನದರ ಅರ್ಧಕ್ಕಿಂತ ಚಿಕ್ಕದಾದರೆ 'ಬ್ಲಾಕ್' (ಸಂಕೇತ ನಡುದಾರಿಯಲ್ಲಿ ತಡೆದು ನಿಂತಿದೆ) ಎಂದು ಬರೆಯುವ ಆಸೆ ಹುಟ್ಟುತ್ತದೆ. ದಪ್ಪ ತೋಳಿನಲ್ಲಿ ಶಾಕ್ ಸಾಲದೆಯೂ ಹೀಗಾಗುತ್ತದೆ. ಅಲೆ ಇನ್ನು ಬೆಳೆಯುವುದಿಲ್ಲ ಎಂಬ ಹಂತ ಮುಟ್ಟಿ, ಅದರ ಮೇಲೆ ಶಾಕನ್ನು ಇನ್ನೊಂದು 20 ಪ್ರತಿಶತ ಏರಿಸಿ ನೋಡಿ. ಎರಡೂ ಕಡೆ ಅಲೆ ಚಿಕ್ಕದು, ವೇಗ ಹೆಚ್ಚು ಕಮ್ಮಿ ಸರಿಯಾಗಿದೆ ಎಂದಾದರೆ ಪೆಟ್ಟು ಬಿದ್ದಿರುವುದು ಮಯಲಿನ್‌ಗಲ್ಲ, ಅದರ ಒಳಗಿನ ನಾರಿಗೆ, ಅಂದರೆ ಆಕ್ಸಾನ್‌ಗೆ.

ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಬೀಳುವ ಗಿಲಾನ್-ಬಾರೆ ಕಾಯಿಲೆಯ ಮೊದಲ ವಾರದಲ್ಲಿ ಇದೆಲ್ಲ ಸರಿಯಾಗಿಯೇ ಕಾಣಬಹುದು. ಎಫ್-ವೇವ್ (ಸಂಕೇತ ಬೆನ್ನುಹುರಿವರೆಗೆ ಹೋಗಿ ಮರಳಿ ಬಂದು ಎಬ್ಬಿಸುವ ಅಲೆ) ತಪ್ಪದೆ ಮಾಡಿ, ವಾರ ಬಿಟ್ಟು ಮತ್ತೆ ಕರೆಸಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಶಂಕೆಯಿಂದ ಚೀಟಿ ಬಂದಿದ್ದರೆ ಕೈಕಾಲಿನ ನರದಲ್ಲಿ ಹುಡುಕಿ ಫಲವಿಲ್ಲ. ಅಲ್ಲಿ ಹಾಳಾಗುವುದು ಮೆದುಳು, ಬೆನ್ನುಹುರಿಯ ಮಯಲಿನ್. ಬರೆದ ಡಾಕ್ಟರಿಗೆ ಫೋನ್ ಮಾಡಿ, ವಿಇಪಿ (ಕಣ್ಣಿಗೆ ಚಿತ್ರ ತೋರಿಸಿ ಮೆದುಳಿನ ಸ್ಪಂದನೆ ಅಳೆಯುವ ಪರೀಕ್ಷೆ) ಬೇಕೇ ಎಂದು ಕೇಳಿ.