ಎರಡು ಬಣ್ಣದ ಎಕ್ಸ್-ರೇ

ನಿದ್ದೆ ಬರಲಿ ಅಂತ ಸುಮ್ನೆ ಎಕ್ಸ್-ರೇ ಲೇಸರ್ ಬಗ್ಗೆ ಓದಲು ಕೂತೆ. ಬರುತ್ತಿದ್ದ ನಿದ್ದೆಯೂ ಹೋಯಿತು.

ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಎಲ್‌ಸಿಎಲ್‌ಎಸ್ ಎಂಬ ಎಕ್ಸ್-ರೇ ಲೇಸರ್ ಯಂತ್ರ ಇದೆ. 2009ರಲ್ಲಿ ಮೊದಲ ಸಲ ಬೆಳಗಿತು. ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುವ ಎಲೆಕ್ಟ್ರಾನ್‌ಗಳನ್ನು ಅಯಸ್ಕಾಂತಗಳ ಉದ್ದನೆ ಸಾಲಿನ ನಡುವೆ ಬಿಡುತ್ತಾರೆ. ಉತ್ತರ, ದಕ್ಷಿಣ, ಉತ್ತರ, ದಕ್ಷಿಣ. ಹಾವಿನ ಹಾಗೆ ಬಳುಕುತ್ತಾ ಅವು ಎಕ್ಸ್-ರೇ ಚೆಲ್ಲುತ್ತವೆ. ಅಯಸ್ಕಾಂತದ ಬಲ ಬದಲಿಸಿದರೆ ಬಣ್ಣ ಬದಲು. ಬಣ್ಣ ಅಂದರೆ ಇಲ್ಲಿ ತರಂಗಾಂತರ ಅಷ್ಟೇ. ಕಣ್ಣಿಗೆ ಕಾಣದ್ದಕ್ಕೂ ಬಣ್ಣ ಅನ್ನುತ್ತಾರಲ್ಲ, ಇಷ್ಟವಾಯಿತು.

ಮಜಾ ಇರೋದು ಮುಂದೆ. ಸಾಲಿನ ಮೊದಲರ್ಧ ಒಂದು ಬಣ್ಣಕ್ಕೆ, ಉಳಿದರ್ಧ ಇನ್ನೊಂದಕ್ಕೆ. ನಡುವೆ ಎಲೆಕ್ಟ್ರಾನ್‌ಗಳಿಗೆ ಮಾತ್ರ ಒಂದು ಸುತ್ತುದಾರಿ. ಮೊದಲ ಎಕ್ಸ್-ರೇ ನೇರ ಹೋಗುತ್ತದೆ, ಎಲೆಕ್ಟ್ರಾನ್ ಸುತ್ತಿಕೊಂಡು ಬಂದು ಎರಡನೆಯದನ್ನು ಚೆಲ್ಲುತ್ತದೆ. ತಡ ಎಷ್ಟು ಗೊತ್ತಾ? ಕೆಲವೇ ಫೆಮ್ಟೋಸೆಕೆಂಡ್, ಅಂದರೆ ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ಮೂರು ಫೆಮ್ಟೋಸೆಕೆಂಡಿನಲ್ಲಿ ಬೆಳಕೇ ಸಾಗುವುದು ಮಿಲಿಮೀಟರಿನ ಸುಮಾರು ಸಾವಿರದಲ್ಲೊಂದು ಪಾಲು!

ಮೊದಲ ಮಿಂಚು ಅಣುವನ್ನು ತಟ್ಟಿ ಎಬ್ಬಿಸುತ್ತದೆ. ಎರಡನೆಯದು ಅದೇನು ಮಾಡ್ತಿದೆ ಅಂತ ಇಣುಕುತ್ತದೆ. ಬಣ್ಣ ಬೇರೆಯಾದ್ದರಿಂದ ಒಂದೇ ಅಣುವಿನ ಆಕ್ಸಿಜನ್ ತಟ್ಟಿ, ನೈಟ್ರೋಜನ್ ಕಡೆ ಏನಾಯಿತು ಅಂತ ಕೇಳಬಹುದು. ಪಕ್ಕದ ಮನೆ ಬಾಗಿಲು ಬಡಿದು ಈ ಮನೆ ಕಿಟಕಿ ನೋಡಿದ ಹಾಗೆ, ಅಲ್ವಾ?

ಇತ್ತ ನನ್ನ ಫೋನಿನ ಕ್ಯಾಮೆರಾ. ಅಡುಗೆಮನೆ ಕಟ್ಟೆಯಿಂದ ಜಿಗಿದ ಬೆಕ್ಕು ಇವತ್ತೂ ಬರೀ ಬೂದು ಗೆರೆ. ಬಾಲ ಮಾತ್ರ ಸರಿಯಾಗಿ ಬಂದಿದೆ.